ಫಿಸಿಕ್ಸ್‌ನಿಂದ ಕಂಪ್ಯುಟೇಷನಲ್ ಸೈಕಿಯಾಟ್ರಿಗೆ ಪೋಸ್ಟ್‌ಡಾಕ್: ಹೋದವರು, ಇದ್ದವರು, ಬಿಟ್ಟವರು ದಯವಿಟ್ಟು ಹೇಳಿ

ಕೇಳಿದವರು, ಹಾಸನ

ಎಲ್ಲರಿಗೂ ನಮಸ್ಕಾರ. ನನ್ನದು ಫಿಸಿಕ್ಸ್ ಪಿಎಚ್‌ಡಿ, ವಿಷಯ ನಾನ್‌ಲೀನಿಯರ್ ಡೈನಮಿಕ್ಸ್. ಥೀಸಿಸ್ ಕೊಟ್ಟಾಗಿದೆ, ವೈವಾ ಬಾಕಿ ಇದೆ. ಕೊನೆಕೊನೆಗೆ ಮಿದುಳಿನ ಮಾಡೆಲ್‌ಗಳ ಕಡೆ ಮನಸ್ಸು ಹೊರಳಿತು. ಈಗ ಕಂಪ್ಯುಟೇಷನಲ್ ಸೈಕಿಯಾಟ್ರಿಯಲ್ಲೇ, ಅಂದರೆ ಮನೋರೋಗಗಳನ್ನು ಗಣಿತದ ಮಾಡೆಲ್‌ಗಳಿಂದ ಅರ್ಥಮಾಡಿಕೊಳ್ಳುವ ವಿಷಯದಲ್ಲೇ, ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ ಕೆಲಸ) ಮಾಡಬೇಕು ಅಂತ ಆಸೆ. ನಮ್ಮ ದೊಡ್ಡಪ್ಪನ ಮಗನಿಗೆ ಸ್ಕಿಜೋಫ್ರೀನಿಯಾ ಇದೆ. ಅದೊಂದೇ ಕಾರಣ ಅಂತಲ್ಲ, ಆದರೆ ಅದಲ್ಲ ಅಂತಲೂ ಹೇಳಲಾರೆ.

ಎರಡು ದಾರಿ ಕಾಣ್ತಿವೆ. ಅಮೆರಿಕದ ಒಂದು ಲ್ಯಾಬ್‌ನವರು ವಿಡಿಯೋ ಕಾಲ್‌ನಲ್ಲಿ ಹೆಚ್ಚುಕಡಿಮೆ ‘ಬಾ’ ಅಂದಿದ್ದಾರೆ. ಅಲ್ಲಿ ರೋಗಿಗಳನ್ನು ನೋಡುವ ಕೆಲಸ ಇಲ್ಲ, ಬೇರೆಯವರು ಆಗಲೇ ಕಲೆಹಾಕಿರುವ ದೊಡ್ಡ ಡೇಟಾದ ಮೇಲೆ ವಿಶ್ಲೇಷಣೆ. ಇನ್ನೊಂದು ಬೆಂಗಳೂರಿನಲ್ಲಿ, ಆಸ್ಪತ್ರೆಗೆ ಹೊಂದಿಕೊಂಡ ಗುಂಪು. ಮಿದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿ ಇದೆ, ರೋಗಿಗಳು ಇದ್ದಾರೆ, ಆದರೆ ‘ಫೆಲೋಶಿಪ್ ನೀನೇ ತಗೊಂಡು ಬಾ’ ಅಂತಾರೆ. ಹೆಂಡತಿ ಬೆಂಗಳೂರಲ್ಲೇ ಬ್ಯಾಂಕ್ ಕೆಲಸದಲ್ಲಿದ್ದಾಳೆ. ಅಮ್ಮ ಮಾತ್ರ ‘ಇನ್ನೂ ಓದೋದು ಮುಗೀಲಿಲ್ವೇನೋ’ ಅನ್ನೋದನ್ನ ನಿಲ್ಲಿಸಿಲ್ಲ.

ಕೇಳಬೇಕಾದ್ದು ಇಷ್ಟು: ಮನೋವೈದ್ಯಶಾಸ್ತ್ರದ ಗಂಧಗಾಳಿ ಇಲ್ಲದವನನ್ನು ಯಾರಾದರೂ ನಿಜಕ್ಕೂ ತಗೋತಾರಾ? ಹೋಗೋಕೆ ಮುಂಚೆ ಏನು ಕಲಿತಿರಬೇಕು? ಎರಡರಲ್ಲಿ ಯಾವುದು? ದುಡ್ಡು, ವೀಸಾ ಹೇಗೆ? ಮುಂದೆ ಕೆಲಸ ಸಿಗುತ್ತಾ?

ಜರ್ಮನಿಯಿಂದ, ಮೂಲ ಧಾರವಾಡ

ನಮಸ್ಕಾರ್ರೀ. ನಾನೂ ಎಂಜಿನಿಯರಿಂಗ್ ಕಡೆಯಿಂದ ಬಂದಾಂವ. ಮೊದಲ ಪೋಸ್ಟ್‌ಡಾಕ್ ಸ್ವಿಟ್ಜರ್ಲೆಂಡಿನಾಗ, ಈಗ ಜರ್ಮನಿ. ನಮ್ಮ ಕಡೆ ಮಾತು ಇಲ್ಲಿಗೇ ಬಿಟ್ಟು ಪುಸ್ತಕದ ಕನ್ನಡದಾಗ ಬರೀತೀನಿ, ಎಲ್ಲಾರಿಗೂ ತಿಳೀಲಿ.

ತಗೋತಾರಾ ಅಂದರೆ, ತಗೋತಾರೆ. ನಿಮ್ಮಂಥವರನ್ನು ಹುಡುಕಿಕೊಂಡೇ ತಗೋತಾರೆ. ಈ ಕ್ಷೇತ್ರಕ್ಕೆ ಈಗಿನ ಹೆಸರು ಗಟ್ಟಿಯಾದದ್ದೇ ಇತ್ತೀಚೆಗೆ. 2012ರಲ್ಲಿ ಮಾಂಟೇಗ್, ಡೋಲನ್, ಫ್ರಿಸ್ಟನ್, ಡಯಾನ್ ನಾಲ್ವರೂ ಸೇರಿ ಇದೇ ಹೆಸರಿನ ಲೇಖನ ಬರೆದರು. ಅವರಲ್ಲಿ ಡೋಲನ್ ಮತ್ತು ಫ್ರಿಸ್ಟನ್ ಮನೋವೈದ್ಯದಲ್ಲಿ ತರಬೇತಾದವರು, ಡಯಾನ್ ಗಣಿತ ಓದಿದವರು. ಎರಡೂ ಕಡೆಯವರು ಒಂದೇ ಟೇಬಲ್ಲಿಗೆ ಕೂತದ್ದರಿಂದಲೇ ಈ ವಿಷಯ ಹುಟ್ಟಿದ್ದು. ಹಾಗಾಗಿ ಫಿಸಿಕ್ಸ್‌ನವರು ಹೊರಗಿನವರು ಅನ್ನುವ ಅಳುಕು ಬೇಡ.

ಆದರೆ ಒಳಗೆ ಎರಡು ಓಣಿ ಇವೆ, ಅದು ತಿಳಿದಿರಲಿ. ಒಂದರಲ್ಲಿ ನೀವು ‘ಈ ಮನುಷ್ಯ ಹೇಗೆ ಕಲಿಯುತ್ತಾನೆ, ಹೇಗೆ ನಿರ್ಧರಿಸುತ್ತಾನೆ’ ಎಂಬುದಕ್ಕೆ ಸಮೀಕರಣ ಬರೆಯುತ್ತೀರಿ, ಅವನ ಒಂದೊಂದು ಆಯ್ಕೆಗೂ ಅದನ್ನು ಹೊಂದಿಸುತ್ತೀರಿ. ಇನ್ನೊಂದರಲ್ಲಿ ಸಾವಿರಾರು ಜನರ ಸ್ಕ್ಯಾನ್, ಪ್ರಶ್ನಾವಳಿ ಎಲ್ಲ ಮಶಿನ್ ಲರ್ನಿಂಗ್‌ಗೆ ಹಾಕಿ, ಯಾರಿಗೆ ಕಾಯಿಲೆ ಬರಬಹುದು, ಯಾರಿಗೆ ಯಾವ ಮಾತ್ರೆ ಹಿಡಿಸಬಹುದು ಎಂದು ಊಹಿಸುತ್ತೀರಿ. ನೀವು ಹೇಳಿದ ಅಮೆರಿಕದ ಲ್ಯಾಬ್ ಬಹುಶಃ ಎರಡನೆಯದು. ನಾನ್‌ಲೀನಿಯರ್ ಡೈನಮಿಕ್ಸ್ ಮಾಡಿದವರಿಗೆ ಮೊದಲನೆಯದರಲ್ಲಿ ರುಚಿ ಹತ್ತುತ್ತದೆ ಅಂತ ನನ್ನ ಲೆಕ್ಕ.

ಮೊದಲನೆಯ ಓಣಿಯಲ್ಲಿ ಎಂಥ ಕೆಲಸ ಆಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 2017ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪವರ್ಸ್, ಕಾರ್ಲೆಟ್ ಇಬ್ಬರೂ ಮ್ಯಾಥಿಸ್ ಜೊತೆ ಸೇರಿ ಒಂದು ಪ್ರಯೋಗ ಪ್ರಕಟಿಸಿದರು. ಪರದೆಯ ಮೇಲೆ ಒಂದು ಚಿತ್ರ, ಅದರ ಜೊತೆಗೇ ಕೇಳಿಯೂ ಕೇಳಿಸದಷ್ಟು ಸಣ್ಣ ಸದ್ದು. ಹೀಗೆ ಜೋಡಿ ಮಾಡಿ ಮಾಡಿ, ಆಮೇಲೆ ಬರೀ ಚಿತ್ರ ತೋರಿಸುತ್ತಾರೆ. ಸದ್ದೇ ಇಲ್ಲದಿದ್ದಾಗಲೂ ‘ಕೇಳಿಸಿತು’ ಎಂದು ಗುಂಡಿ ಒತ್ತುವವರು ಯಾರು? ಯಾರೂ ಮಾತಾಡದಿದ್ದರೂ ದಿನವೂ ಧ್ವನಿ ಕೇಳಿಸುವವರು ಹೆಚ್ಚು ಒತ್ತಿದರು. ಒತ್ತಿದವರ ಲೆಕ್ಕ ಹಾಕಿ ಅವರು ಅಲ್ಲಿಗೇ ಬಿಡಲಿಲ್ಲ. ಪ್ರತಿಯೊಬ್ಬರೂ ತಮ್ಮ ಹಿಂದಿನ ನಂಬಿಕೆಗೆ ಎಷ್ಟು ತೂಕ ಕೊಡುತ್ತಿದ್ದಾರೆ, ಕಿವಿಗೆ ಬಿದ್ದದ್ದಕ್ಕೆ ಎಷ್ಟು ಕೊಡುತ್ತಿದ್ದಾರೆ ಎಂಬುದನ್ನು ಮಾಡೆಲ್‌ನಿಂದ ಹೊರತೆಗೆದರು. ಅದಕ್ಕೆ ಬಳಸಿದ್ದು ಹೈರಾರ್ಕಿಕಲ್ ಗಾಸಿಯನ್ ಫಿಲ್ಟರ್ ಎಂಬ ಗಣಿತದ ಮಾಡೆಲ್, ಮ್ಯಾಥಿಸ್ ಅವರೇ 2011ರಲ್ಲಿ ಕೊಟ್ಟದ್ದು. ನಿಮಗೆ ಆ ಗಣಿತ ಒಂದು ವಾರದ ಕೆಲಸ. ಆ ಪ್ರಯೋಗ ಯಾಕೆ ಹಾಗೆ ಕಟ್ಟಿದರು ಎಂಬುದು ತಿಳಿಯಲು ಬಹಳ ಹೆಚ್ಚು ಹೊತ್ತು ಬೇಕು.

ಕಲಿಯಬೇಕಾದ್ದು: ನಿರೀಕ್ಷೆ ತಪ್ಪಿದಷ್ಟೇ ಕಲಿಕೆ ಆಗುತ್ತದೆ ಎನ್ನುವ 1972ರ ರೆಸ್ಕೋರ್ಲಾ–ವ್ಯಾಗ್ನರ್ ನಿಯಮದಿಂದ ಶುರು ಮಾಡಿ. ಅಲ್ಲಿಂದ 1997ರ ಶುಲ್ಟ್ಸ್–ಡಯಾನ್–ಮಾಂಟೇಗ್ ಲೇಖನ, ಅಂದರೆ ಡೋಪಮಿನ್ ಕೋಶಗಳು ‘ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ವ್ಯತ್ಯಾಸ’ವನ್ನು ಸಾರುತ್ತವೆ ಎಂಬ ವಾದ. ಆಮೇಲೆ ಡ್ರಿಫ್ಟ್–ಡಿಫ್ಯೂಷನ್ ಮಾಡೆಲ್, ಅಂದರೆ ಸುಳಿವುಗಳು ಕೂಡುತ್ತಾ ಹೋಗಿ ಒಂದು ಗೆರೆ ಮುಟ್ಟಿದಾಗ ನಿರ್ಧಾರ ಆಗುತ್ತದೆ ಎನ್ನುವುದು. ದಕ್ಷಿಣ ಕೊರಿಯಾದ ಸಿಯೋಲ್‌ನ ಗುಂಪಿನವರು ‘ಆರ್’ ಎಂಬ ಅಂಕಿಅಂಶ ಸಾಫ್ಟ್‌ವೇರ್‌ಗೆ ಮಾಡಿದ ಎಚ್‌ಬೇಸ್‌ಡಿಎಂ ಪ್ಯಾಕೇಜ್ ಉಚಿತ, ಮಾಮೂಲಿ ಟಾಸ್ಕ್‌ಗಳ (ಕಂಪ್ಯೂಟರಿನಲ್ಲಿ ಆಟದಂತೆ ಮಾಡಿಸುವ ಪರೀಕ್ಷೆಗಳ) ಮಾಡೆಲ್ ಎಲ್ಲ ಅದರಲ್ಲೇ ಇವೆ. ಝೂರಿಕ್‌ನ ಟ್ರಾನ್ಸ್‌ಲೇಷನಲ್ ನ್ಯೂರೋಮಾಡೆಲಿಂಗ್ ಯೂನಿಟ್ ನಡೆಸುವ ಕಂಪ್ಯುಟೇಷನಲ್ ಸೈಕಿಯಾಟ್ರಿ ಕೋರ್ಸ್‌ನ ಉಪನ್ಯಾಸಗಳು ಯೂಟ್ಯೂಬಿನಲ್ಲಿವೆ, ಮನೆಯಲ್ಲೇ ನೋಡಿ. ನ್ಯೂರೋಮ್ಯಾಚ್ ಅಕಾಡೆಮಿ 2020ರಿಂದ ಆನ್‌ಲೈನ್ ನಡೆಯುತ್ತಿದೆ, ಶುಲ್ಕ ದೇಶಕ್ಕೆ ತಕ್ಕಂತೆ ಕಡಿಮೆ ಮಾಡುತ್ತಾರೆ.

ಒಂದು ಕಡೆ ಮಾತ್ರ ನಿಂತು ಹೇಳುತ್ತೇನೆ. ರೋಗಿಗಳ ಡೇಟಾ ಮುಟ್ಟುವ ಮೊದಲು ನೀವೇ ಸುಳ್ಳು ಡೇಟಾ ಹುಟ್ಟಿಸಿ. ಕಲಿಕೆಯ ದರ (ಹೊಸ ಫಲ ಕಂಡಾಗ ನಿರೀಕ್ಷೆ ಎಷ್ಟು ಬದಲಾಗುತ್ತದೆ ಎಂಬ ಸಂಖ್ಯೆ) 0.3 ಅಂತ ನೀವೇ ಇಟ್ಟು ಇನ್ನೂರು ಆಯ್ಕೆಗಳನ್ನು ಸಿಮ್ಯುಲೇಟ್ ಮಾಡಿ, ಆಮೇಲೆ ಏನೂ ಗೊತ್ತಿಲ್ಲದವರಂತೆ ಅದಕ್ಕೆ ಮಾಡೆಲ್ ಹೊಂದಿಸಿ. 0.3 ವಾಪಸ್ ಬಂತಾ? ಬಹಳ ಸಲ ಬರುವುದಿಲ್ಲ. ಕಲಿಕೆಯ ದರ ಏರಿದರೆ ಆಯ್ಕೆಯ ಚಂಚಲತೆ ಹೇಳುವ ಇನ್ನೊಂದು ಪ್ಯಾರಾಮೀಟರ್ ಅದನ್ನು ಸರಿದೂಗಿಸಿಬಿಡುತ್ತದೆ, ಎರಡೂ ಸೇರಿ ನಿಮ್ಮನ್ನು ಮೋಸ ಮಾಡುತ್ತವೆ. ಇದಕ್ಕೆ ಪ್ಯಾರಾಮೀಟರ್ ರಿಕವರಿ ಅನ್ನುತ್ತಾರೆ. ವಿಲ್ಸನ್ ಮತ್ತು ಕಾಲಿನ್ಸ್ 2019ರಲ್ಲಿ ಈಲೈಫ್ ಎಂಬ ಪತ್ರಿಕೆಯಲ್ಲಿ ಬರೆದ ಹತ್ತು ನಿಯಮಗಳ ಲೇಖನ ಇದಕ್ಕೆ ಒಳ್ಳೆಯ ಕೈಪಿಡಿ. ಸಂದರ್ಶನದಲ್ಲಿ ಇದರ ಒಂದು ಚಿತ್ರ ತೋರಿಸಿದರೆ ನಿಮ್ಮ ಪಿಎಚ್‌ಡಿಯ ಎಲ್ಲ ಪೇಪರ್‌ಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ನಾನು ಈಗ ಸಂದರ್ಶನದ ಆ ಬದಿಯಲ್ಲೂ ಕೂರುತ್ತೇನೆ, ಅದಕ್ಕೇ ಹೇಳಿದ್ದು.

ನೀವು ಮೂರನೆಯ ದಾರಿ ನೋಡೇ ಇಲ್ಲ. ಎಚ್‌ಎಫ್‌ಎಸ್‌ಪಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ‘ಕ್ರಾಸ್ ಡಿಸಿಪ್ಲಿನರಿ’ ಫೆಲೋಶಿಪ್ ಇರುವುದೇ ಫಿಸಿಕ್ಸ್, ಗಣಿತ, ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ ಮಾಡಿ ಜೀವವಿಜ್ಞಾನಕ್ಕೆ ಬರುವವರಿಗೆ. ಮೂರು ವರ್ಷ, ಭಾರತವೂ ಸದಸ್ಯ ದೇಶ. ಸಿಗುವುದು ಕಷ್ಟ, ಆದರೆ ನಿಮ್ಮ ಜಾತಕಕ್ಕೆ ಹೇಳಿ ಮಾಡಿಸಿದ್ದು. ಯುರೋಪಿನ ಮಾರಿ ಕ್ಯೂರಿ ಪೋಸ್ಟ್‌ಡಾಕ್‌ಗೂ ಹಾಕಬಹುದು: ಪಿಎಚ್‌ಡಿ ಆದ ಮೇಲೆ ಸಂಶೋಧನೆಯಲ್ಲಿ ಎಂಟು ವರ್ಷ ಮೀರಿರಬಾರದು, ಹೋಗುವ ದೇಶದಲ್ಲಿ ಕಳೆದ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಅದಕ್ಕಾಗಿ ವೈವಾ ಬೇಗ ಮುಗಿಸಿಕೊಳ್ಳಿ. ಅರ್ಜಿಯ ಕೊನೆಯ ದಿನಕ್ಕೆ ಡಿಗ್ರಿ ಕೈಯಲ್ಲಿಲ್ಲದೆ ಒಂದು ವರ್ಷ ಕಳಕೊಂಡವರನ್ನು ನೋಡಿದ್ದೇನೆ.

ಬೆಂಗಳೂರಿನ ಮನೋವೈದ್ಯೆ

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಗಣಿತದವಳಲ್ಲ. ಎಂ.ಡಿ. ಆದ ಮೇಲೆ ಕೆಲವು ವರ್ಷ ಇಂಥ ಒಂದು ಗುಂಪಿನಲ್ಲಿ ಕೆಲಸ ಮಾಡಿದೆ, ಈಗಲೂ ನಿಮ್ಮಂಥ ಹುಡುಗರು ನಮ್ಮ ವಾರ್ಡಿಗೆ ಬರುತ್ತಾರೆ. ಅವರಿಗೆ ಮೊದಲ ದಿನ ಹೇಳುವುದನ್ನೇ ಇಲ್ಲಿ ಹೇಳುತ್ತೇನೆ, ತಮ್ಮಾ.

ಒಂದು ಬೆಳಗ್ಗೆ ಒಬ್ಬರನ್ನು ಟಾಸ್ಕ್‌ಗೆ ಕೂರಿಸಿದ್ದೆವು. ನಲವತ್ತರ ಆಸುಪಾಸಿನವರು, ಚಾಮರಾಜನಗರದ ಕಡೆಯವರು, ಸ್ಕಿಜೋಫ್ರೀನಿಯಾ. ಪರದೆಯಲ್ಲಿ ಎರಡು ಪೆಟ್ಟಿಗೆ, ಒಂದರಲ್ಲಿ ಹೆಚ್ಚು ಸಲ ನಾಣ್ಯ ಬರುತ್ತದೆ, ಯಾವುದು ಎಂದು ಆಡುತ್ತಾ ಕಂಡುಕೊಳ್ಳಬೇಕು, ನಡುವೆ ಅದು ಅದಲುಬದಲಾಗುತ್ತದೆ. ಅವರು ಶುರುವಿನಿಂದ ಕೊನೆವರೆಗೂ ಎಡಗಡೆಯದನ್ನೇ ಒತ್ತಿದರು. ಸಂಜೆ ನಮ್ಮ ಪೋಸ್ಟ್‌ಡಾಕ್ ಹುಡುಗ ಖುಷಿಯಿಂದ ಓಡಿ ಬಂದ: ‘ಮೇಡಂ, ಕಲಿಕೆಯ ದರ ಹತ್ತಿರ ಹತ್ತಿರ ಸೊನ್ನೆ!’ ನಾನು ಕೇಸ್ ಶೀಟ್ ತೆಗೆದು ತೋರಿಸಿದೆ. ಹಿಂದಿನ ರಾತ್ರಿ ಅವರ ಮಾತ್ರೆ ಕ್ಲೋಜಪಿನ್‌ನ ಡೋಸ್ ಏರಿಸಿತ್ತು. ಬೆಳಗ್ಗೆ ಅವರಿಗೆ ಕಣ್ಣು ಬಿಡಲೇ ಆಗುತ್ತಿರಲಿಲ್ಲ, ಜೊಲ್ಲು ಒರೆಸಿಕೊಳ್ಳಲು ಬಲಗೈಯಲ್ಲಿ ಟವೆಲ್ ಹಿಡಿದಿದ್ದರು, ಹಾಗಾಗಿ ಎಡಗೈಗೆ ಸಿಕ್ಕ ಗುಂಡಿ ಒತ್ತಿದರು. ಅವರ ಹೆಂಡತಿಯನ್ನು ಕೇಳಿದರೆ ಇನ್ನೊಂದು ವಿಷಯ ಬಂತು: ನಾಣ್ಯ ಹೋದರೆ ಆಸ್ಪತ್ರೆ ಬಿಲ್ಲಿಗೆ ಸೇರಿಸುತ್ತಾರೇನೋ ಎಂದು ಆತ ಹೆದರಿದ್ದರಂತೆ. ಆ ಹುಡುಗ ಒಳ್ಳೆಯವನು. ಮಾರನೆಯ ದಿನದಿಂದ ತಾನೇ ಬಂದು ಸೂಚನೆ ಓದಿ ಹೇಳತೊಡಗಿದ, ಮಾಡೆಲ್‌ಗೆ ‘ಒತ್ತಿದ್ದನ್ನೇ ಮತ್ತೆ ಒತ್ತುವ’ ಒಂದು ಪ್ಯಾರಾಮೀಟರ್ ಸೇರಿಸಿದ, ಟಾಸ್ಕ್ ಸಮಯವನ್ನು ಮಧ್ಯಾಹ್ನಕ್ಕೆ ಹಾಕಿಸಿದ.

ಇಂಥದ್ದು ಮಾತ್ರೆ ಮಾತ್ರೆಗೂ ಇದೆ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್‌ನಂಥ ಆಂಟಿಸೈಕಾಟಿಕ್ ಮಾತ್ರೆ ತಗೊಳ್ಳುವವರಿಗೆ ಕೈ ಬಿಗಿಯಾಗಿ ನಿಧಾನವಾಗುತ್ತದೆ. ಆ ನಿಧಾನ ನಿರ್ಧಾರದ್ದಾ, ಸ್ನಾಯುವಿನದ್ದಾ? ಡ್ರಿಫ್ಟ್–ಡಿಫ್ಯೂಷನ್ ಅದನ್ನು ಬೇರ್ಪಡಿಸಬಲ್ಲದು ಎಂದು ನೀವು ಹೇಳುತ್ತೀರಿ, ಒಪ್ಪಿದೆ. ಆದರೆ ಆ ಬಿಗಿತಕ್ಕೆಂದು ನಾವು ಜೊತೆಯಲ್ಲಿ ಟ್ರೈಹೆಕ್ಸಿಫೆನಿಡಿಲ್ ಕೊಟ್ಟಿರುತ್ತೇವೆ, ಅದು ನೆನಪಿನ ಶಕ್ತಿಯನ್ನೇ ಸ್ವಲ್ಪ ಮಂಕು ಮಾಡುತ್ತದೆ. ನಿಮ್ಮ ಡೇಟಾ ಹಾಳೆಯಲ್ಲಿ ಆ ಮಾತ್ರೆಗೆ ಕಾಲಂ ಇದೆಯಾ? ದೂರದ ಸರ್ವರ್‌ನಿಂದ ಡೌನ್‌ಲೋಡ್ ಮಾಡಿಕೊಂಡ ಫೈಲಿನಲ್ಲಿ ಹೆಚ್ಚಾಗಿ ‘ಆಂಟಿಸೈಕಾಟಿಕ್: ಹೌದು’ ಎಂದಷ್ಟೇ ಇರುತ್ತದೆ.

ಹಾಗಾಗಿ ನನ್ನ ಸಲಹೆ ಊರಿನದ್ದಲ್ಲ, ದೇಶದ್ದೂ ಅಲ್ಲ. ವಾರಕ್ಕೆ ಒಂದು ಬೆಳಗ್ಗೆಯಾದರೂ ಓಪಿಡಿಯಲ್ಲಿ ಮೂಲೆಯ ಕುರ್ಚಿ ಹಾಕಿ ಕೂರಲು ಬಿಡುವ ಜಾಗಕ್ಕೆ ಹೋಗಿ. ಪ್ಯಾನ್ಸ್ ಎಂಬ 30 ಅಂಶಗಳ ಮಾಪಕ ಇದೆ, ಸ್ಕಿಜೋಫ್ರೀನಿಯಾದ ತೀವ್ರತೆ ಅಳೆಯುವುದು ಅದರಿಂದ. ಅದನ್ನು ಅಂಕ ಹಾಕಲು ನೀವೇ ಕಲಿಯಿರಿ. ನಿಮ್ಮ ಪೇಪರಿನಲ್ಲಿ ಬರುವ ಆ ಸಂಖ್ಯೆ ಎಷ್ಟು ಮೆತ್ತಗಿನದು ಎಂದು ಆಗಲೇ ತಿಳಿಯುವುದು. ಒಬ್ಬರೇ ರೋಗಿಗೆ ಇಬ್ಬರು ವೈದ್ಯರು ಬೇರೆ ಬೇರೆ ಅಂಕ ಹಾಕಿ, ಆಮೇಲೆ ಅರ್ಧ ಗಂಟೆ ವಾದ ಮಾಡುವುದನ್ನು ನೋಡಿದವರು ಆ ಕಾಲಂ ಅನ್ನು ಮತ್ತೆ ಕಣ್ಣುಮುಚ್ಚಿ ನಂಬುವುದಿಲ್ಲ.

ಇಲ್ಲೇ ಕೆಲಸ ಮಾಡುವುದಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೆಯ ಸೆಕ್ಷನ್ ಓದಿಕೊಳ್ಳಿ. ಸಂದರ್ಶನ ಮಾತ್ರ ಆದರೂ ಸರಿ, ರೋಗಿಯ ಮುಕ್ತ, ತಿಳಿವಳಿಕೆಯ ಒಪ್ಪಿಗೆ ಬೇಕೇ ಬೇಕು. ಮನೆಯವರು ‘ನೀವು ಮಾಡ್ರಿ ಡಾಕ್ಟ್ರೇ’ ಎಂದರೆ ಸಾಲದು. ಇನ್ನು ದೊಡ್ಡಪ್ಪನ ಮಗನ ವಿಷಯ ಬರೆದಿದ್ದೀರಿ. ಅದನ್ನು ಅರ್ಜಿಯಲ್ಲಿ ಬರೆಯಬೇಕೋ ಬೇಡವೋ ನಿಮಗೆ ಬಿಟ್ಟದ್ದು, ಬರೆದರೆ ಒಂದು ಸಾಲು ಸಾಕು. ಅವರ ಕಾಯಿಲೆ ಅವರದು, ಅವರನ್ನು ಕೇಳಿ ಬರೆಯಿರಿ.

ಅಮೆರಿಕದಿಂದ, ಮೂಲ ಪುತ್ತೂರು

ದುಡ್ಡು, ವೀಸಾ ನನಗೆ ಬಿಡಿ.

ಅಮೆರಿಕದಲ್ಲಿ ‘ಪೋಸ್ಟ್‌ಡಾಕ್ಟರಲ್ ಟ್ರೈನಿಂಗ್ ಪ್ರೋಗ್ರಾಂ’ ಅಂತ ಜಾಹೀರಾತು ಕಂಡ ತಕ್ಷಣ ಖುಷಿಪಡಬೇಡಿ. ಕಂಪ್ಯುಟೇಷನಲ್ ಸೈಕಿಯಾಟ್ರಿಗೆಂದೇ ಕೋರ್ಸು, ಇಬ್ಬರು ಮಾರ್ಗದರ್ಶಕರು, ಆಸ್ಪತ್ರೆಯ ಅನುಭವ ಎಲ್ಲ ಸೇರಿಸಿ ಚೆಂದವಾಗಿ ಕಟ್ಟಿದ ಕಾರ್ಯಕ್ರಮಗಳು ಹೆಚ್ಚಾಗಿ ಎನ್‌ಐಎಚ್‌ನ (ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯ) ಟಿ-32 ಎಂಬ ತರಬೇತಿ ಗ್ರಾಂಟ್ ದುಡ್ಡಿನಲ್ಲಿ ನಡೆಯುತ್ತವೆ. ಟಿ-32ಕ್ಕೆ ಅಲ್ಲಿನ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ನಮ್ಮಂಥವರಿಗೆ ಆ ಬಾಗಿಲು ಮುಚ್ಚಿದೆ. ನಾವು ಹೋಗುವುದು ಪ್ರೊಫೆಸರರ ಸ್ವಂತ ಗ್ರಾಂಟ್‌ನಿಂದ. ಆಗ ತರಬೇತಿ ಎಷ್ಟು ಸಿಗುತ್ತದೆ ಎಂಬುದು ಆ ಒಬ್ಬರ ಮರ್ಜಿ. ಆದರೆ ಆ ಕಾರ್ಯಕ್ರಮದ ಸೆಮಿನಾರ್, ಕೇಸ್ ಕಾನ್ಫರೆನ್ಸ್‌ಗಳಿಗೆ ಹೊರಗಿನವರು ಕೂರಬಾರದು ಅಂತೇನಿಲ್ಲ. ‘ಅಲ್ಲಿ ಕೂರಲು ಬಿಡುತ್ತೀರಾ’ ಎಂದು ಸೇರುವ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ನಾನು ಬರೆಸಿಕೊಂಡೆ, ಅದರಿಂದಲೇ ಉಳಿದುಕೊಂಡೆ ಅನ್ನಬಹುದು.

ಸಂಬಳಕ್ಕೆ ಬಹಳ ವಿಶ್ವವಿದ್ಯಾಲಯಗಳು ಎನ್‌ಐಎಚ್ ಪಟ್ಟಿಯನ್ನೇ ಅಳತೆಗೋಲು ಮಾಡಿಕೊಂಡಿವೆ. 2024ರಲ್ಲಿ ಹೊಸಬರಿಗೆ ವರ್ಷಕ್ಕೆ 61,008 ಡಾಲರ್. ರೂಪಾಯಿಗೆ ಗುಣಿಸಿ ಅಮ್ಮನಿಗೆ ಹೇಳಲು ಚೆನ್ನಾಗಿರುತ್ತದೆ. ಬಾಸ್ಟನ್, ನ್ಯೂಯಾರ್ಕ್ ಕಡೆ ಬಾಡಿಗೆ ಕಟ್ಟಿದ ಮೇಲೆ ಹೇಳಲು ಅಷ್ಟು ಚೆನ್ನಾಗಿರುವುದಿಲ್ಲ.

ವೀಸಾ ಸಾಮಾನ್ಯವಾಗಿ ಜೆ-1, ರಿಸರ್ಚ್ ಸ್ಕಾಲರ್ ಎಂದು ಗರಿಷ್ಠ ಐದು ವರ್ಷ. ಹೆಂಡತಿ ಜೆ-2ರಲ್ಲಿ ಬಂದರೆ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ಬ್ಯಾಂಕ್ ಕೆಲಸ ಬಿಟ್ಟು ಬರಬೇಕೋ ಎಂಬುದು ನೀವಿಬ್ಬರೂ ಕೂತು ಮಾತಾಡುವುದು, ನೀವೊಬ್ಬರೇ ಇಲ್ಲಿ ಕೇಳುವುದಲ್ಲ. ಮುಂಚೆ ಭಾರತೀಯರಲ್ಲಿ ಬಹಳ ಜನಕ್ಕೆ ‘ಎರಡು ವರ್ಷ ವಾಪಸ್ ಊರಿನಲ್ಲಿ ಇರಬೇಕು’ ಎಂಬ ಷರತ್ತು ಬೀಳುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಆ ಷರತ್ತು ಯಾವ ದೇಶದವರಿಗೆ ಎಂದು ಹೇಳುವ ‘ಕೌಶಲ್ಯ ಪಟ್ಟಿ’ಯಿಂದ ಭಾರತವನ್ನು ತೆಗೆದರು. ಆದರೆ ಸರ್ಕಾರದ ಫೆಲೋಶಿಪ್ ದುಡ್ಡಿನಲ್ಲಿ ಬಂದರೆ ಷರತ್ತು ಹಾಗೇ ಇರುತ್ತದೆ. ಮುಂದೆ ಎಚ್-1ಬಿ ಉದ್ಯೋಗ ವೀಸಾಕ್ಕೆ ಬದಲಾಯಿಸಿಕೊಳ್ಳೋಣ ಎನ್ನುವವರು 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳಿಗೆ ಹಾಕಿದ ಒಂದು ಲಕ್ಷ ಡಾಲರ್ ಶುಲ್ಕದ ಸುದ್ದಿ ಓದಿಕೊಳ್ಳಿ. ಎನ್‌ಐಎಚ್ ಗ್ರಾಂಟ್‌ಗಳು 2025ರಲ್ಲಿ ನಡುವೆಯೇ ರದ್ದಾದದ್ದೂ ಉಂಟು, ಹಾಗಾಗಿ ‘ನಿಮ್ಮ ಗ್ರಾಂಟ್ ಎಲ್ಲಿಯವರೆಗೆ ಇದೆ’ ಎಂದು ಕೇಳುವುದಕ್ಕೆ ನಾಚಬೇಡಿ. ಒಳ್ಳೆಯವರು ನೇರ ಉತ್ತರ ಕೊಡುತ್ತಾರೆ.

ಮುಂದೆ ಅಲ್ಲೇ ಫ್ಯಾಕಲ್ಟಿ ಆಗುವ ಕನಸಿದ್ದರೆ ಎನ್‌ಐಎಚ್‌ನ ಕೆ-99 ಎಂಬ ಗ್ರಾಂಟ್ ವಿದೇಶಿಯರೂ ಹಾಕಬಹುದಾದ್ದು. ಪೋಸ್ಟ್‌ಡಾಕ್ ಅನುಭವ ನಾಲ್ಕು ವರ್ಷ ದಾಟಿರಬಾರದು. ಗಡಿಯಾರ ಮೊದಲ ದಿನದಿಂದಲೇ ಓಡುತ್ತದೆ, ‘ಮೊದಲು ವಿಷಯ ಕಲಿಯೋಣ’ ಎಂದು ಎರಡು ವರ್ಷ ಕಳೆದರೆ ಅರ್ಧ ಹೋಯಿತು.

ಪೋಸ್ಟ್‌ಡಾಕ್ ಬಿಟ್ಟವನು, ಬೆಂಗಳೂರು

ಗುರು, ಯಾರೂ ಹೇಳದ್ದು ನಾನು ಹೇಳ್ತೀನಿ. ಹದಿನೈದು ವರ್ಷದಿಂದ ಎಲ್ಲರೂ ‘ಇನ್ನೇನು ಕ್ಲಿನಿಕ್‌ಗೆ ಬಂತು’ ಅಂತಾನೇ ಇದ್ದಾರೆ. ಇವತ್ತು ಯಾವ ಊರಿನ ಮನೋವೈದ್ಯರೂ ಕಲಿಕೆಯ ದರ ನೋಡಿ ಮಾತ್ರೆ ಬರೆಯಲ್ಲ. ಒಂದು ಕಾರಣ, ಈ ಟಾಸ್ಕ್‌ಗಳಲ್ಲಿ ಬರುವ ಎಷ್ಟೋ ಸಂಖ್ಯೆಗಳು ಅದೇ ಮನುಷ್ಯನಿಗೆ ಇನ್ನೊಂದು ವಾರ ಬಿಟ್ಟು ಮಾಡಿಸಿದರೆ ಬೇರೆಯೇ ಬರ್ತವೆ. ಗುಂಪು–ಗುಂಪಿನ ವ್ಯತ್ಯಾಸ ತೋರಿಸೋಕೆ ಚೆನ್ನಾಗಿರೋ ಟಾಸ್ಕ್, ಒಬ್ಬೊಬ್ಬರ ವ್ಯತ್ಯಾಸ ಅಳೆಯೋಕೆ ಕೆಟ್ಟದಾಗಿರಬಹುದು. ಹೆಜ್ ಮತ್ತಿತರರು 2018ರಲ್ಲಿ ಇದನ್ನೇ ಬರೆದರು.

ಗಿಲನ್ ಅವರ 2016ರ ಕೆಲಸ ನೋಡಿ, ಆನ್‌ಲೈನ್‌ನಲ್ಲಿ ಸುಮಾರು ಎರಡು ಸಾವಿರ ಜನರಿಗೆ ಆಡಿಸಿ, ರೋಗದ ಹೆಸರಿಗಿಂತ ‘ಗೀಳಿನ ಸ್ವಭಾವ’ ಎಂಬ ಆಯಾಮಕ್ಕೆ ಯೋಜನೆ ಹಾಕಿ ಆಡುವ ಶಕ್ತಿ ಕಡಿಮೆ ಇರೋದಕ್ಕೂ ನಂಟಿದೆ ಅಂತ ತೋರಿಸಿದರು. ಒಳ್ಳೆ ಕೆಲಸ, ನನಗೂ ಇಷ್ಟ. ಆದರೆ ಅದು ರೋಗಿಗಳ ಮೇಲೆ ಮಾಡಿದ್ದಲ್ಲ, ಸಾಮಾನ್ಯ ಜನರ ಮೇಲೆ. ಅಲ್ಲಿಂದ ವಾರ್ಡಿಗೆ ದಾರಿ ಉದ್ದ ಇದೆ.

ನಾನು ಬಿಟ್ಟಿದ್ದಕ್ಕೆ ಬೇಜಾರಿಲ್ಲ. ಬೇಸಿಯನ್ ಮಾಡೆಲಿಂಗ್, ಪೈಥಾನ್, ಗಲೀಜು ಡೇಟಾ ಜೊತೆ ತಾಳ್ಮೆ, ಇದಕ್ಕೆ ಬೆಂಗಳೂರಲ್ಲಿ ಕೆಲಸ ಇದೆ. ಕಂಪನಿಯವರು ಸಂದರ್ಶನದಲ್ಲಿ ಕೇಳಿದ್ದು ನನ್ನ ಪೇಪರ್‌ಗಳ ಬಗ್ಗೆ ಅಲ್ಲ, ಬೇರೆಯವರು ಓದಬಹುದಾದಂಥ ಕೋಡ್ ಎಲ್ಲಿದೆ ಅಂತ. ದುಡ್ಡು ಕೊಟ್ಟು ಲೈಸೆನ್ಸ್ ತಗೋಬೇಕಾದ ಮ್ಯಾಟ್‌ಲ್ಯಾಬ್ ಸಾಫ್ಟ್‌ವೇರ್‌ನಲ್ಲೇ ಬಿದ್ದಿರಬೇಡಿ. ಲ್ಯಾಬ್ ಲೈಸೆನ್ಸ್ ಮುಗಿದ ದಿನ ನಿಮ್ಮ ಕೆಲಸ ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಓಡಲ್ಲ.

ಕೇಳಿದವರು, ಹಾಸನ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಡಾಕ್ಟರ್ ಮೇಡಂ ಬರೆದ ಟವೆಲ್ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಎರಡು ಸಂಶಯ ಉಳಿದಿವೆ. ಡೇಟಾ ಮಾತ್ರ ಇರುವ ಲ್ಯಾಬ್‌ಗೆ ಹೋಗೋದು ತಪ್ಪೇ ಹಾಗಾದರೆ? ಎರಡನೆಯದು, ಬೆಂಗಳೂರಿನ ಫೆಲೋಶಿಪ್ ಪರಿಸ್ಥಿತಿ ನಿಜವಾಗಿ ಹೇಗಿದೆ?

ಬೆಂಗಳೂರಿನಲ್ಲೇ ಪೋಸ್ಟ್‌ಡಾಕ್ ಮಾಡುತ್ತಿರುವವರು

ಎರಡನೆಯದಕ್ಕೆ ನಾನು ಉತ್ತರಿಸುತ್ತೇನೆ, ಈಗ ಅದರಲ್ಲೇ ಇದ್ದೇನೆ.

ಹೆಚ್ಚಿನವರು ಮೊದಲು ಹಾಕುವುದು ಎನ್‌ಪಿಡಿಎಫ್, ಅಂದರೆ ನ್ಯಾಷನಲ್ ಪೋಸ್ಟ್ ಡಾಕ್ಟರಲ್ ಫೆಲೋಶಿಪ್. ಮೊದಲು ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿ ಎಸ್‌ಇಆರ್‌ಬಿ ಕೊಡುತ್ತಿತ್ತು, 2023ರ ಕಾಯ್ದೆಯ ನಂತರ ಆ ಮಂಡಳಿಯ ಜಾಗಕ್ಕೆ ಎಎನ್‌ಆರ್‌ಎಫ್ ಎಂಬ ಪ್ರತಿಷ್ಠಾನ ಬಂದಿದೆ. ಎರಡು ವರ್ಷದ್ದು, ವಯಸ್ಸಿನ ಮಿತಿ ಇದೆ, ನೋಡಿಕೊಳ್ಳಿ. ಅದಕ್ಕಿಂತ ದೊಡ್ಡದು ಇಂಡಿಯಾ ಅಲಯನ್ಸ್‌ನ ಅರ್ಲಿ ಕರಿಯರ್ ಫೆಲೋಶಿಪ್, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ನಡೆಸುವುದು. ಅದು ಸಿಕ್ಕರೆ ನೀವು ಯಾರ ನೆರಳಿನಲ್ಲೂ ಇರಬೇಕಿಲ್ಲ, ಪ್ರಾಜೆಕ್ಟ್ ನಿಮ್ಮದೇ. ಸ್ಪರ್ಧೆ ಮಾತ್ರ ಭಾರಿ, ಸಂದರ್ಶನದಲ್ಲಿ ಬೆವರು ಇಳಿಸುತ್ತಾರೆ.

ತೊಂದರೆ ಹೇಳದಿದ್ದರೆ ಮೋಸವಾಗುತ್ತದೆ. ಮಂಜೂರಾದ ಪತ್ರಕ್ಕೂ ಖಾತೆಗೆ ದುಡ್ಡು ಬೀಳುವುದಕ್ಕೂ ತಿಂಗಳುಗಟ್ಟಲೆ ಅಂತರ ಆಗಬಹುದು. ನಮ್ಮ ಕಡೆ ಒಮ್ಮೆ ಸ್ಟೈಪೆಂಡ್ ನಿಂತು ಹೋಗಿ ಭಾವನ ಹತ್ತಿರ ಸಾಲ ಮಾಡಿದ್ದೇನೆ. ಅಕೌಂಟ್ಸ್ ಸೆಕ್ಷನ್‌ನ ಗುಮಾಸ್ತರ ಪರಿಚಯ ಇಟ್ಟುಕೊಳ್ಳಿ, ಪ್ರೊಫೆಸರ್‌ಗಿಂತ ಅವರು ಮುಖ್ಯ ಎನ್ನಿಸುವ ದಿನಗಳು ಬರುತ್ತವೆ. ನಿಮ್ಮ ಹೆಂಡತಿಯ ಸಂಬಳ ಇರುವುದು ಈ ಲೆಕ್ಕದಲ್ಲಿ ದೊಡ್ಡ ಧೈರ್ಯ. ವಿದೇಶಿ ಗುಂಪಿನ ಜೊತೆ ಡೇಟಾ ಹಂಚಿಕೊಳ್ಳುವ ಯೋಜನೆ ಇದ್ದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಒಪ್ಪಿಗೆಯೂ ಬೇಕು. ಸಂಸ್ಥೆಯ ಎಥಿಕ್ಸ್ ಕಮಿಟಿಯ ಮೇಲೆ ಅದು ಇನ್ನೊಂದು ಸುತ್ತು. ಎರಡು ವರ್ಷದ ಫೆಲೋಶಿಪ್‌ನಲ್ಲಿ ಹೊಸದಾಗಿ ರೋಗಿಗಳ ಡೇಟಾ ಕಲೆಹಾಕುತ್ತೇನೆಂದು ಹೊರಟರೆ ಮೊದಲ ವರ್ಷ ಸಹಿಗಳಲ್ಲೇ ಮುಗಿಯಬಹುದು. ಸೇರುವ ಗುಂಪಿನಲ್ಲಿ ಒಪ್ಪಿಗೆ ಸಿಕ್ಕು ಆಗಲೇ ನಡೆಯುತ್ತಿರುವ ಅಧ್ಯಯನ ಇದೆಯೇ ಎಂದು ಕೇಳಿ, ಅದರೊಳಗೆ ನಿಮ್ಮ ಟಾಸ್ಕ್ ಸೇರಿಸಿ.

ಮತ್ತೆ ಇಲ್ಲಿ ಡೇಟಾ ಇಲ್ಲ ಎಂಬ ಮಾತು ಹಳೆಯದು. ನಿಮ್ಹಾನ್ಸ್ ಮುಂದಾಳತ್ವದಲ್ಲಿ ಮಕ್ಕಳು, ಯುವಜನರ ಮಾನಸಿಕ ಆರೋಗ್ಯದ ಮೇಲೆ ನಡೆದ ಸಿ-ವೇದ ಅಧ್ಯಯನ 6ರಿಂದ 23 ವರ್ಷದವರನ್ನು ಬೆಂಗಳೂರು, ಮೈಸೂರಿನಿಂದ ಹಿಡಿದು ಇಂಫಾಲದವರೆಗೆ ಹಲವು ಕಡೆ ಸೇರಿಸಿಕೊಂಡದ್ದು. ಮುಪ್ಪಿನ ಕಡೆ ಆಸಕ್ತಿ ಇದ್ದರೆ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಗರನ್ನು ವರ್ಷ ವರ್ಷ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದ್ದಾರೆ. ಅದು ಮನೋರೋಗದ್ದಲ್ಲ, ಮರೆವಿನ ಕಾಯಿಲೆಯದ್ದು. ಆದರೆ ಓದು ಬರಹ ಹೆಚ್ಚಿಲ್ಲದವರಿಗೆ ಅರಿವಿನ ಪರೀಕ್ಷೆ ಹೇಗೆ ಮಾಡಿಸಬೇಕು ಎಂಬುದನ್ನು ಅಂಥ ಕಡೆ ಕಲಿಯಬಹುದು. ಪಶ್ಚಿಮದ ಕಾಲೇಜು ಹುಡುಗರಿಗೆಂದು ಕಟ್ಟಿದ ಟಾಸ್ಕ್‌ಗಳು ನಮ್ಮಲ್ಲಿ ಮೊದಲ ಪರದೆಯಲ್ಲೇ ಮುಗ್ಗರಿಸುತ್ತವೆ. ಅದನ್ನು ಸರಿಪಡಿಸುವುದು ಸಣ್ಣ ಕೆಲಸವಲ್ಲ, ನನ್ನ ಪ್ರಕಾರ ಇಲ್ಲಿ ಕೂತು ಮಾಡಬಹುದಾದ ಅತಿ ಒಳ್ಳೆಯ ಪೋಸ್ಟ್‌ಡಾಕ್ ವಿಷಯವೇ ಅದು.

ಜರ್ಮನಿಯಿಂದ, ಮೂಲ ಧಾರವಾಡ

ಡೇಟಾ ಲ್ಯಾಬ್ ತಪ್ಪಲ್ಲ. ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಹಿಂಬಾಲಿಸುವ ಅಮೆರಿಕದ ಎಬಿಸಿಡಿ ಅಧ್ಯಯನದಲ್ಲಿ 9–10 ವರ್ಷದಲ್ಲಿ ಸೇರಿಸಿಕೊಂಡ ಹನ್ನೊಂದು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದಾರೆ, ಬ್ರಿಟನ್ನಿನ ಆರೋಗ್ಯ ಮಾಹಿತಿ ಭಂಡಾರವಾದ ಯುಕೆ ಬಯೋಬ್ಯಾಂಕ್‌ನಲ್ಲಿ ಐದು ಲಕ್ಷ ಜನ. ಒಬ್ಬ ಪೋಸ್ಟ್‌ಡಾಕ್ ಜನ್ಮದಲ್ಲಿ ಕಲೆಹಾಕಲಾಗದಷ್ಟು. ಆದರೆ ಆ ಡೇಟಾಕ್ಕೆ ಭಾರತದ ಸಂಶೋಧಕರೂ ತಮ್ಮ ಸಂಸ್ಥೆಯ ಮೂಲಕ ಅರ್ಜಿ ಹಾಕಬಹುದು, ಆಮೇಲೆ ಅದರ ಮೇಲೆ ಪೇಪರ್ ಬರೆಯಲು ಹಾಸನದಿಂದ ಹದಿನೈದು ಸಾವಿರ ಕಿಲೋಮೀಟರ್ ಹೋಗಬೇಕೇ ಎಂದು ಕೇಳಿಕೊಳ್ಳಿ. ಹೋಗುವುದಾದರೆ ಅಲ್ಲಿ ಮಾತ್ರ ಸಿಗುವುದಕ್ಕಾಗಿ ಹೋಗಿ: ಪಕ್ಕದ ಕುರ್ಚಿಯಲ್ಲಿ ಕೂತು ನಿಮ್ಮ ಕೋಡ್ ಓದಿ ಬೈಯುವ ಹಿರಿಯರು, ಇಲ್ಲವೇ ಮೇಡಂ ಹೇಳಿದ ಓಪಿಡಿ ಕುರ್ಚಿ. ಎರಡೂ ಇಲ್ಲದಿದ್ದರೆ ವಿಮಾನದ ಖರ್ಚು ಉಳಿಸಿರಿ.

ಆ ಲ್ಯಾಬ್‌ನಿಂದ ಹೊರಬಿದ್ದವರ ಹೆಸರು ಅವರ ವೆಬ್‌ಸೈಟಿನಲ್ಲೇ ಇರುತ್ತದೆ. ಇಬ್ಬರಿಗೆ ಬರೆಯಿರಿ, ಅದರಲ್ಲಿ ಒಬ್ಬರು ನಡುವೆ ಬಿಟ್ಟವರಾಗಿರಲಿ. ‘ಪ್ರೊಫೆಸರ್ ನಿಮ್ಮ ಡ್ರಾಫ್ಟ್ ಎಷ್ಟು ದಿನದಲ್ಲಿ ಓದಿ ಕೊಡುತ್ತಿದ್ದರು, ಬಿಡುವಾಗ ನಿಮ್ಮ ಪ್ರಾಜೆಕ್ಟ್ ಜೊತೆಗೆ ಒಯ್ಯಲು ಬಿಟ್ಟರೇ’ ಎಂದಷ್ಟೇ ಕೇಳಿ. ಉತ್ತರ ಬರದಿದ್ದರೆ ಅದೂ ಒಂದು ಉತ್ತರ ಅಂತ ತಿಳೀರಿ.

ಬೆಂಗಳೂರಿನ ಮನೋವೈದ್ಯೆ

ವೈವಾ ಮುಗಿಯುವವರೆಗೆ ಹೇಗೂ ಕಾಯಬೇಕಲ್ಲ. ಅಷ್ಟರಲ್ಲಿ ನೀವು ಹೇಳಿದ ಬೆಂಗಳೂರಿನ ಗುಂಪಿನವರಿಗೆ ಒಂದು ಪತ್ರ ಬರೆದು, ಸಂಬಳ ಗಿಂಬಳ ಏನೂ ಬೇಡ, ಅನುಮತಿ ಕೊಟ್ಟರೆ ನಾಲ್ಕು ವಾರ ವೀಕ್ಷಕನಾಗಿ ಬರುತ್ತೇನೆ ಎನ್ನಿ. ರೋಗಿಗಳ ಗೋಪ್ಯತೆಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಕೆಲವು ಕಡೆ ಸಣ್ಣ ಶುಲ್ಕ ಇರುತ್ತದೆ. ಲ್ಯಾಪ್‌ಟಾಪ್ ತರಬೇಡಿ, ನೋಟ್‌ಪುಸ್ತಕ ಸಾಕು. ಬೆಳಗ್ಗೆ ಬೇಗ ಬನ್ನಿ, ಹೊಸ ರೋಗಿಗಳ ಚೀಟಿ ಮಾಡಿಸುವ ಸಾಲು ಆಗಲೇ ಶುರುವಾಗಿರುತ್ತದೆ. ಆ ಸಾಲಿನಲ್ಲಿ ಹೊಸಪೇಟೆಯಿಂದ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದವರೂ ಇರುತ್ತಾರೆ. ಅವರಿಗೆ ಹತ್ತು ಗಂಟೆಗೆ ನಿಮ್ಮ ಟಾಸ್ಕ್ ಮಾಡಿಸಬಹುದೇ ಎಂದು ನೀವೇ ನೋಡಿ ಹೇಳಿ. ಆಮೇಲೆ ಅಮೆರಿಕಕ್ಕೆ ಉತ್ತರ ಬರೆಯುವಿರಂತೆ.